ಬಟ್ಟಲು ಮುಟ್ಟದ ತಮ್ಮ

ನನ್ನ ತಮ್ಮ ಶ್ರೀನಿವಾಸಪುರದ ಮಂಡಿಯಿಂದ ಮಾವಿನಕಾಯಿ ಸಾಗಿಸುವ ಟೆಂಪೊ ಓಡಿಸುತ್ತಿದ್ದ. ಹೋದ ವರ್ಷ ಮಾವಿನ ಕಾಲದ ಒಂದು ಬೆಳಗ್ಗೆ, ಕುಡಿದ ಅಮಲು ಇಳಿಯುವ ಮೊದಲೇ ಗಾಡಿ ಹತ್ತಿದವನು, ಕ್ಯಾಲನೂರಿನ ಹತ್ತಿರ ಡೈರಿಗೆ ಹಾಲು ಹಾಕಲು ಹೋಗುತ್ತಿದ್ದ ಹೆಂಗಸಿನ ಮೇಲೆ ಹರಿಸಿಬಿಟ್ಟ. ಆಕೆ ಅಲ್ಲೇ ತೀರಿಕೊಂಡಳು.

ಜಾಮೀನು ಸಿಕ್ಕ ಮೇಲೆ ಕೋಲಾರದ ನನ್ನ ಮನೆಗೇ ಬಂದ. ಕುಡಿತ ಬಿಟ್ಟಿದ್ದ, ಮಾತನ್ನೂ ಬಿಟ್ಟಿದ್ದ. ನಮ್ಮದು ಅಜ್ಜಿಯ ಕಾಲದಿಂದಲೂ ಕ್ರೈಸ್ತ ಮನೆತನ. ಕೃಪೆ ಎನ್ನುವ ಮಾತು ಮನೆಯಲ್ಲಿ ಉಪ್ಪಿನಷ್ಟೇ ದಿನಬಳಕೆಯದು. ಸಂಡೆ ಸ್ಕೂಲಿನ ಮಕ್ಕಳಿಗೆ ಎಷ್ಟೋ ವರ್ಷ ಅದನ್ನು ಹೇಳಿಕೊಟ್ಟವಳು ನಾನು. ಅವನ ಮುಂದೆ ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ.

ಒಂದು ದಿನ, "ಅಕ್ಕಾ, ಆ ಊರಿಗೆ ಹೋಗ್ಬೇಕು. ನೀನೂ ಬಾ" ಎಂದ. ಹೋದೆವು. ಸತ್ತವಳ ಗಂಡ ಹಸುವಿಗೆ ಹುಲ್ಲು ಹಾಕುತ್ತಿದ್ದ. ತಮ್ಮ ಅವನ ಕಾಲಿಗೆ ಬಿದ್ದ. ನಾನು, "ದೇವರ ಮುಖ ನೋಡಿ ಕ್ಷಮಿಸಿಬಿಡಿ ಅಣ್ಣಾ" ಎಂದೆ.

ಆತ ಕಾಲು ಹಿಂದಕ್ಕೆಳೆದುಕೊಂಡ. "ಹಂಗಾದ್ರೆ ದೇವ್ರನ್ನೇ ಕೇಳ್ಕೊಳ್ಳಮ್ಮಾ. ನನ್ನತ್ರ ಇಲ್ಲ ಅದು." ಆಮೇಲೆ ತಮ್ಮನಿಗೆ ಮೆಲ್ಲಗೆ ಹೇಳಿದ: "ಪೋ ನಾಯನಾ, ಪೋ. ಹೋಗಪ್ಪ, ಇನ್ಮೇಲೆ ಈ ಕಡೆ ಬರ್ಬೇಡ." ಬೈದಿದ್ದರೆ, ಹೊಡೆದಿದ್ದರೆ ಬಹುಶಃ ತಮ್ಮ ಚೇತರಿಸಿಕೊಳ್ಳುತ್ತಿದ್ದ.

ಆ ಭಾನುವಾರ ಚರ್ಚಿನಲ್ಲಿ ಪ್ರಭುಭೋಜನವಿತ್ತು. ರೊಟ್ಟಿ, ದ್ರಾಕ್ಷಾರಸದ ಬಟ್ಟಲಿಗಾಗಿ ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿದಾಗ ಇವನು ಎದ್ದು ಹೊರಗೆ ನಡೆದ. ಹುಣಸೆಮರದ ಕೆಳಗೆ ಕೂತಿದ್ದವನನ್ನು, "ಯಾಕೋ ಬಂದ್ಬಿಟ್ಟೆ?" ಎಂದು ಕೇಳಿದೆ.

"ಕ್ಷಮೆ ಪುಕ್ಕಟೆ ಸಿಗುತ್ತೆ ಅಂತೀರಲ್ಲ. ನಾನು ತಗೊಂಡ್ಬಿಟ್ರೆ ಆ ಮನೆಯೋರಿಗೇನು ಸಿಕ್ತು, ಹೇಳಕ್ಕಾ."

 

ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಕುಡಿಯತೊಡಗಿದ. "ಒಂದು ಪ್ರಾಣ ತೆಗೆದಿದ್ದು ಸಾಲ್ದೇನೋ ನಿಂಗೆ?" ಎಂದು ಕಿರುಚಿದೆ. ಅವನು ಮುಖವೆತ್ತಲಿಲ್ಲ. ನಾನು ಹೊರಗೆ ಹೋಗಿ ಬಟ್ಟೆ ಒಗೆಯುತ್ತ ಅತ್ತುಬಿಟ್ಟೆ.

ಚರ್ಚಿನ ಸಭಾಪಾಲಕರು ವಿಷಯ ತಿಳಿದು ಮನೆಗೆ ಬಂದರು. ಕುರ್ಚಿ ಹಾಕಿದರೂ ಒಲ್ಲೆನೆಂದು ಅವನ ಚಾಪೆಯ ಪಕ್ಕದಲ್ಲೇ ಕೂತರು.

"ಅಯ್ಯನೋರೆ, ಒಳ್ಳೇವ್ನಾಗೋಕೆ ನೋಡ್ದೆ. ನನ್ ಕೈಲಾಗ್ಲಿಲ್ಲ" ಎಂದ ತಮ್ಮ.

"ನಮ್ ಯಾರ ಕೈಲೂ ಆಗಲ್ಲಪ್ಪ. ಆಗಲ್ಲ ಅಂತಾನೇ ದೇವರು ಇಳಿದು ಬಂದಿದ್ದು."

"ನನ್ನವರೆಗೂ ಇಳಿಯಲ್ಲ ಬಿಡಿ" ಎಂದು ಗೋಡೆಯ ಕಡೆ ತಿರುಗಿಕೊಂಡ. ಅವರು ಅವನ ಬೆನ್ನ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತಿದ್ದರು. ಹೋಗುವಾಗ ಅವರ ಕಣ್ಣೂ ಒದ್ದೆಯಾಗಿತ್ತು.

ಕೇಸು ಇನ್ನೂ ನಡೆಯುತ್ತಿದೆ. ಶಿಕ್ಷೆಯಾದರೆ ನಿರಾಳ ಎನ್ನುತ್ತಾನೆ ಅವನು. ಬೆಳಗ್ಗೆ ಪ್ರಾರ್ಥನೆಗೆ ಕೂತರೆ ನನಗೆ ಮೊದಲಿನ ಉದ್ದುದ್ದ ಮಾತುಗಳು ಬರುವುದಿಲ್ಲ. ಅವನ ಪಾಪಕ್ಕಿಂತ ಅವನ ಮೇಲಿನ ನನ್ನ ಸಿಟ್ಟೇ ದೊಡ್ಡದಾಗಿ ಎದುರಿಗೆ ನಿಲ್ಲುತ್ತದೆ. ಕರುಣಿಸು ಎಂದಷ್ಟೇ ಹೇಳುತ್ತೇನೆ. ಯಾರನ್ನು ಎಂದು ಹೇಳದೆ ಎದ್ದು ಒಲೆ ಹಚ್ಚುತ್ತೇನೆ.