ಮೊಣಕೈ ಕೊಟ್ಟು ನಡೆಸುವ ಇಂದುಮತಿ

ಚಿಕಾಗೋ, ೧೯೭೭ರ ಮಾರ್ಚ್. ಬೆಳಗಿನ ಆರೂವರೆ. ಡೆವನ್ ಅವೆನ್ಯೂನಲ್ಲಿ ಬಸ್ಸಿಳಿದು ಬಂದ ಇಂದುಮತಿ ಮೂರನೇ ಮಹಡಿಯ ಬಾಗಿಲು ತಟ್ಟುತ್ತಾರೆ. ಒಳಗಿನಿಂದ ವಿಚಾರಣೆ ಶುರು: ಯಾರು, ಬಸ್ಸು ಎಷ್ಟು ಹೊತ್ತಿಗೆ ಬಂತು, ಜೊತೆಗೆ ಬೇರೆ ಯಾರಾದರೂ ಇದ್ದಾರಾ. ಉತ್ತರ ಸಿಕ್ಕ ಮೇಲೂ ಶೇಷಾದ್ರಿಯವರು ಕೈಗಡಿಯಾರದ ಗಾಜು ಎತ್ತಿ, ಮುಳ್ಳು ಮುಟ್ಟಿ ನೋಡಿಯೇ ಚಿಲಕ ತೆಗೆಯುವುದು. ಪೊಲೀಸರೂ ಇಷ್ಟು ಕೇಳಲಾರರು.

ಮೈಸೂರಿನಲ್ಲಿ ಗಣಿತದ ಮೇಷ್ಟರಾಗಿದ್ದ ಶೇಷಾದ್ರಿಯವರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿ ಮೂರು ವರ್ಷ. ಡಾಕ್ಟರಾಗಿರುವ ಮಗಳು ಪ್ರಭಾ ಬೆಳಗಾಗುವ ಮೊದಲೇ ಆಸ್ಪತ್ರೆಗೆ ಹೊರಡುತ್ತಾರೆ. ಕಣ್ಣಿಲ್ಲದವರನ್ನು ಹೊರಗೆ ಕರೆದೊಯ್ಯಲು ಸ್ವಯಂಸೇವಕರನ್ನು ಕಳಿಸುವ ಕೇಂದ್ರವೊಂದು ಈ ಮನೆಗೆ ಇಂದುಮತಿಯವರನ್ನು ಗೊತ್ತುಮಾಡಿದೆ. ಮೂವತ್ತೆಂಟರ ಇಂದುಮತಿ ಮಧ್ಯಾಹ್ನದ ಮೇಲೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾರೆ; ಅದಕ್ಕೆ ಮುಂಚೆ, ವಾರಕ್ಕೆ ಐದು ದಿನ, ನಾಲ್ಕು ಜನರನ್ನು ಸರದಿಯಂತೆ ನಡೆಸುತ್ತಾರೆ. ಸಂಬಳವಿಲ್ಲ. ಸಂಬಳವಿಲ್ಲದೆ ಈ ಚಳಿಯಲ್ಲಿ ಯಾರು ಎದ್ದು ಬರುತ್ತಾರೆ ಎಂಬುದೇ ಮೇಷ್ಟರ ಮೊದಲ ಅನುಮಾನ.

ಆ ಅನುಮಾನಕ್ಕೆ ನೀರೆರೆದವರು ಇಂದುಮತಿಯೇ. ನಡೆಸುವವರು ಅರ್ಧ ಹೆಜ್ಜೆ ಮುಂದಿರಬೇಕು, ಕಣ್ಣಿಲ್ಲದವರು ಅವರ ಮೊಣಕೈ ಹಿಡಿಯಬೇಕು ಎಂದು ಕೇಂದ್ರದಲ್ಲಿ ಕಲಿಸಿದ್ದರು. ಅಮೆರಿಕನ್ನರ ಜೊತೆ ಅದು ಸಲೀಸು. ತಂದೆಯ ವಯಸ್ಸಿನ ಮೈಸೂರು ಮೇಷ್ಟರ ಮುಂದೆ ನಡೆಯಲು ಮಾತ್ರ ಕಾಲೇ ಬರಲಿಲ್ಲ. ಕೈ ಹಿಡಿಯಲು ಇಬ್ಬರಿಗೂ ಸಂಕೋಚ. ಹಾಗಾಗಿ ಇಂದುಮತಿ ಹಿಂದೆ ಹಿಂದೆ ಬರುತ್ತ ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಿದ್ದರು. ನಾಲ್ಕನೇ ದಿನ ಮೇಷ್ಟರ ಹಣೆ ದೀಪದ ಕಂಬಕ್ಕೆ ಬಡಿಯಿತು.

"ನಾನು ಮರ್ಯಾದೆ ಅನ್ಕೊಂಡೆ, ಅವ್ರ ಹಣೇಲಿ ರಕ್ತ ಬಂತು. ತಪ್ಪು ನಂದೇ," ಎನ್ನುತ್ತಾರೆ ಇಂದುಮತಿ.

ಆಮೇಲೆ ಎರಡು ವಾರ ಶೇಷಾದ್ರಿಯವರು ಹೊಸ್ತಿಲು ದಾಟಲಿಲ್ಲ. ಬೇಕೆಂದೇ ಕಂಬಕ್ಕೆ ಗುದ್ದಿಸಿದಳೆಂದು ಕೇಂದ್ರಕ್ಕೆ ಫೋನ್ ಮಾಡಿ ದೂರಿದರು. ಈಕೆಯೂ ಬೇಡ, ಇನ್ನೊಬ್ಬರೂ ಬೇಡ ಎಂದರು. ಮಗಳು ಕಾಡಿ ಬೇಡಿ ಒಂದೇ ಒಂದು ದಿನಕ್ಕೆ ಒಪ್ಪಿಸಿದ್ದಾರೆ. ಇವತ್ತೂ ಎಡವಟ್ಟಾದರೆ ಮೇಷ್ಟರ ಪಾಲಿಗೆ ಇನ್ನು ಆ ಎರಡು ಕೋಣೆಗಳೇ ಊರು.

ಇಂದುಮತಿ ಮುಂದೆ ನಿಂತು ಮೊಣಕೈ ಕೊಡುತ್ತಾರೆ. ಮೇಷ್ಟರು ಎರಡು ಬೆರಳಲ್ಲಿ ಹಿಡಿದು ಹೆಜ್ಜೆ ಎಣಿಸುತ್ತಾರೆ. ಮೂಲೆಯ ಕಾಫಿ ಅಂಗಡಿಗೆ ನಾನೂರ ಹನ್ನೆರಡು ಹೆಜ್ಜೆ ಎಂಬುದು ಅವರು ಮೊದಲೇ ಎಣಿಸಿಟ್ಟ ಲೆಕ್ಕ. ಅಷ್ಟಾದ ಕೂಡಲೇ ಅವರು ಕೈ ಬಿಟ್ಟು ನಿಲ್ಲುತ್ತಾರೆ.

"ಎಲ್ಲಿಗಮ್ಮಾ ಕರ್ಕೊಂಡು ಹೋಗ್ತಿದೀಯ? ಲೆಕ್ಕ ಮುಗೀತು, ಕಾಫಿ ವಾಸನೇನೇ ಇಲ್ಲ."

ಫುಟ್‌ಪಾತಿನಲ್ಲಿ ಹಿಮ ರಾಶಿ ಹಾಕಿದ್ದಾರೆ, ಸುತ್ತಿ ಬಂದಿದ್ದೇವೆ ಎಂದರೆ ಮೇಷ್ಟರು ನಂಬುವುದಿಲ್ಲ. ಹಿಂದಕ್ಕೆ ನಡಿ ಎನ್ನುತ್ತಾರೆ. ಅಲ್ಲಿ ಕೋಲು ಚುಚ್ಚುತ್ತಾರೆ, ಗ್ಲೌಸ್ ಕಳಚಿ ಹಿಮ ಮುಟ್ಟುತ್ತಾರೆ, ರಾಶಿಯ ಈ ತುದಿಯಿಂದ ಆ ತುದಿಗೆ ಅಳೆಯುತ್ತಾರೆ. ಇಂದುಮತಿಯವರಿಗೆ ಕೋಪ ಬರುತ್ತದೆ, ಅಳುವೂ ಬರುತ್ತದೆ. ಆದರೂ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಕಾಯುತ್ತಾರೆ.

"ಸುತ್ತು ಹಾಕಿದ್ದಕ್ಕೆ ಹದಿನೆಂಟು ಹೆಜ್ಜೆ ಜಾಸ್ತಿ. ಸರಿ ಇದೆ," ಎನ್ನುತ್ತ ಮೇಷ್ಟರು ಕೈ ಚಾಚಿ ಮೊಣಕೈ ಹುಡುಕುತ್ತಾರೆ. ಈ ಸಲ ಇಡೀ ಅಂಗೈಯಿಂದ ಹಿಡಿಯುತ್ತಾರೆ.

ಕಾಫಿ ಅಂಗಡಿಯಲ್ಲಿ ಕೂತು, ನಾಳೆ ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಎರಡು ಸಲ ಕೇಳುತ್ತಾರೆ, ಉತ್ತರ ಬದಲಾಗುತ್ತದೋ ನೋಡಲು. ಇಂಥ ಅನುಮಾನಕ್ಕೆ ಬೇಸರವಾಗುವುದಿಲ್ಲವೇ ಎಂದು ಆಮೇಲೆ ಯಾರಾದರೂ ಕೇಳಿದರೆ ಇಂದುಮತಿ ನಗುತ್ತಾರೆ.

"ಅನುಮಾನ ಪಡ್ಲಿ ಬಿಡಿ. ಮನೇಲಿ ಕೂತು ಪಡೋ ಬದ್ಲು ರಸ್ತೇಲಿ ನಿಂತು ಪಡ್ಲಿ. ಅಷ್ಟು ಸಾಕು ನಂಗೆ."