ಡಿಸ್ಕಿಗೆ ಹಾಲು ಉಕ್ಕಿಸಿದ್ದು

ನೌಪಾಡಾದಲ್ಲಿ ನನ್ನ ಸೋದರಮಾವನ ಹೋಟೆಲಿದೆ. ಅತ್ತೆ ತೀರಿಕೊಂಡ ಮೇಲೆ ಮಾವ ಗಲ್ಲಾದಲ್ಲಿ ಕುಳಿತು ಗಿರಾಕಿಗಳ ಮುಖ ನೋಡುವುದನ್ನೇ ಬಿಟ್ಟರು. ಅದೇ ಗಲ್ಲಾದಲ್ಲಿ ಅತ್ತೆ ಕುಳಿತಿದ್ದ ದಿನಗಳ ಕ್ಯಾಮೆರಾ ರೆಕಾರ್ಡಿಂಗನ್ನು ನೋಡುತ್ತಿದ್ದರು. ಅದೆಲ್ಲ ಇದ್ದದ್ದು ನಾನೇ ಲಿನಕ್ಸ್ ಹಾಕಿಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ. ಡಿಸ್ಕ್ ತುಂಬಿದರೆ ಅದು ಎಲ್ಲಕ್ಕಿಂತ ಹಳೆಯದನ್ನು ತಾನಾಗಿ ಅಳಿಸುತ್ತದೆ. ಎಲ್ಲಕ್ಕಿಂತ ಹಳೆಯದೆಂದರೆ ಅತ್ತೆ. ಇದು ಗೊತ್ತಾದದ್ದೇ ತಡ, ಮಾವ ವೈರು ಕಿತ್ತು ನೆರೂಳಿನಲ್ಲಿದ್ದ ನನಗೆ ಫೋನ್ ಮಾಡಿದರು.

ನಾನು ಹೋಗಿ ರೆಕಾರ್ಡಿಂಗ್ ನಿಲ್ಲಿಸಿ, ಹಳೆಯ ಡಿಸ್ಕಿಗೆ ಹೊಸದೊಂದನ್ನು ಜೋಡಿಸಿದೆ. ಆದರೂ ಜಾಗವಿಲ್ಲವೆಂದೇ ಬಂತು.

"ಎಂತ ಮಾರಾಯ, ಇಷ್ಟು ದೊಡ್ಡದು ತಂದ್ರೂ ಫುಲ್ಲೇ ಹೇಳ್ತದಲ್ಲ?"

"ಪಕ್ಕದ ಫ್ಲ್ಯಾಟ್ ತಗೊಂಡಾಯ್ತು ಮಾವ, ನಡುವಿನ ಗೋಡೆ ಒಡೀಲಿಲ್ಲ. ಒಳಗೆ ಫೈಲುಗಳ ಲೆಕ್ಕ ಇಡುವ ಫೈಲ್‌ಸಿಸ್ಟಮ್‌ಗೆ ಇನ್ನೊಂದು ಕೋಣೆ ಬಂದದ್ದು ಗೊತ್ತಿಲ್ಲ. ದೊಡ್ಡದಾಗು ಅಂತ ನಾವೇ ಹೇಳ್ಬೇಕು. ಮೊದಲು ಒಂದು ಕಾಪಿ ತೆಗೆದಿಡುವ."

"ಕಾಪಿಯಾ? ಅವಳೆಂತ ಝೆರಾಕ್ಸಾ?"

ಫ್ಲ್ಯಾಟಿನ ಉದಾಹರಣೆ ಕೊಟ್ಟದ್ದೇ ನನ್ನ ಕರ್ಮ. ಹಾಲು ಉಕ್ಕಿಸದೆ ಒಕ್ಕಲಾಗುವುದುಂಟೇ ಎಂದು ಮಾವ ಹಟ ಹಿಡಿದರು. ಊಟದ ಗಿರಾಕಿಗಳು ಕಾಯುತ್ತಿದ್ದಂತೆಯೇ ಅಡುಗೆಭಟ್ಟರು ಸಾಂಬಾರು ಇಳಿಸಿ, ಕಂಪ್ಯೂಟರಿನ ಪಕ್ಕ ಸ್ಟವ್ ಇಟ್ಟು ಹಾಲು ಕಾಯಿಸಿದರು. ಏನು ವಿಶೇಷವೆಂದು ಒಬ್ಬ ಗಿರಾಕಿ ಕೇಳಿದ. "ಘರ್ ಮೋಠಂ ಝಾಲಂ," ಮನೆ ದೊಡ್ಡದಾಯಿತೆಂದರು ಮಾವ. ಆತ ಅಭಿನಂದಿಸಿ, ಎಲ್ಲಿ, ಘಣಸೋಲಿಯಲ್ಲೋ ಎಂದ. ಮಾವ ಕಂಪ್ಯೂಟರ್ ಡಬ್ಬ ತೋರಿಸಿದರು. ಆತ ಅಡುಗೆಭಟ್ಟರತ್ತ ತಿರುಗಿ ಸಾಂಬಾರು ಕೇಳಿದ.

ಹಾಲು ಉಕ್ಕಿತು. ನಾನು ‘ದೊಡ್ಡದಾಗು’ ಎಂಬ ಆಜ್ಞೆ ಕೊಟ್ಟೆ. ಕಾಪಿ ತೆಗೆಯಲು ಮಾವ ಬಿಟ್ಟಿರಲಿಲ್ಲ; ತಪ್ಪಿದರೆ ಅತ್ತೆ ಇನ್ನೊಮ್ಮೆ ಹೋಗುತ್ತಾರೆಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಮಾವ ಕಣ್ಣು ಮುಚ್ಚಿದ್ದರು. ಜಾಗ ಹಿಗ್ಗಿತು, ರೆಕಾರ್ಡಿಂಗ್ ತೆರೆದರೆ ಅತ್ತೆ ಗಲ್ಲಾದಲ್ಲಿ ಕುಳಿತು ಕ್ಯಾಮೆರಾದತ್ತ ಬೆರಳು ಆಡಿಸುತ್ತ ಏನೋ ಹೇಳುತ್ತಿದ್ದರು. ಧ್ವನಿಯಿರಲಿಲ್ಲ.

"ನನಗೇ ಬೈಯುವುದು," ಎಂದು ಮಾವ ಖುಷಿಯಾದರು.

"ಇನ್ನು ವರ್ಷಗಟ್ಟಲೆ ಸಾಕಾಗುವಷ್ಟು ಜಾಗ ಉಂಟು. ರೆಕಾರ್ಡಿಂಗ್ ಶುರು ಮಾಡ್ಲಾ?"

"ಬೇಡ, ಬಂದ್ ಆಗಿಯೇ ಇರಲಿ," ಎಂದರು ಮಾವ. "ಡೊಂಬಿವಲಿಯ ಒಂದೇ ರೂಮಿನಲ್ಲಿ ಎಲ್ಲರ ನಡುವೆ ಮುದುಡಿ ಮಲಗಿದವಳು. ಇದರಲ್ಲಾದ್ರೂ ಕಾಲು ಚಾಚಿ ಇರಲಿ."