ಮಗ್ಗದ ಮನೆಗೆ ಬಂದ ದುರ್ಬೀನು

ನಮ್ಮ ಬನಹಟ್ಟಿಯಲ್ಲಿ ನನ್ನ ವಯಸ್ಸಿನ ಹೆಣ್ಣುಮಕ್ಕಳು ದುಡ್ಡು ಕೂಡಿಸಿದರೆ ಬಂಗಾರ ಮಾಡಿಸುತ್ತಾರೆ. ನಾನು ಬ್ಲೌಸ್ ಹೊಲಿದು ಕೂಡಿಸಿದ ದುಡ್ಡಿನಲ್ಲಿ ದುರ್ಬೀನು ಕೊಂಡು ಶನಿಯ ಉಂಗುರ ನೋಡುತ್ತೇನೆ ಎಂದಾಗ ಅವ್ವ ಹೌಹಾರಿದಳು.

"ಶನೀ ಕಣ್ಣ ಬೀಳಬಾರದಂತ ಮಂದಿ ಎಣ್ಣಿ ಹಾಕ್ತಾರ. ನೀ ರೊಕ್ಕಾ ಕೊಟ್ಟ ಅವನ್ನ ನೋಡಾಕ ಹೊಂಟೀಯಲ್ಲಬೇ!"

ಜಮಖಂಡಿಯ ಕನ್ನಡಕದ ಅಂಗಡಿಯಲ್ಲಿ ವಿಚಾರಿಸಿದೆ. "ದೂರದ್ದ ಕಾಣವಲ್ದೇನ್ರಿ? ಕೂಡ್ರಿ, ಕಣ್ಣ ತಪಾಸ ಮಾಡೂಣು" ಎಂದು ಕುರ್ಚಿ ತೋರಿಸಿದರು. ಕೊನೆಗೆ ಫೋನಿನಲ್ಲೇ ಹುಡುಕಿದೆ. ನನ್ನ ದುಡ್ಡಿಗೆ ಎರಡು ಬಗೆಯವು ಸಿಗುತ್ತಿದ್ದವು. ಒಂದು ಉದ್ದನೆಯ ಬಿಳಿ ಕೊಳವೆ, ಅದಕ್ಕೆ ಮೂರು ಸಪೂರ ಕಾಲು, ನೂರಾರು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಜಂಬ ಬೇರೆ. ಇನ್ನೊಂದು ಒಳಗೆ ಕನ್ನಡಿ ಇರುವ ಗಿಡ್ಡ ಕೊಳವೆ, ಮೇಜಿನ ಮೇಲೆ ಇಡುವಂಥದ್ದು, ಥೇಟ್ ಹಿಟ್ಟಿನ ಡಬ್ಬಿ. ಚೆಲುವಿಗೆ ಮರುಳಾಗಿ ಉದ್ದನೆಯದನ್ನೇ ಆರಿಸಿದ್ದೆ. ಮುಧೋಳದಲ್ಲಿ ವಿಜ್ಞಾನ ಕಲಿಸುವ ಗೆಳತಿ ಫೋನಿನಲ್ಲೇ ಗದರಿದಳು.

"ಎಷ್ಟ ಪಟ್ಟು ಅನ್ನೂದ ಬಿಡ. ಬೆಳಕ ಎಷ್ಟ ಹಿಡೀತೈತಿ, ಅಲಗಾಡದಂಗ ನಿಂದರತೈತೇನು, ಇವೆರಡ ನೋಡ. ಆ ಸಪೂರ ಕಾಲಿಂದು ಗಾಳಿ ಬಿಟ್ರ ಕುಣೀತೈತಿ."

ಹಿಟ್ಟಿನ ಡಬ್ಬಿಯೇ ಮನೆಗೆ ಬಂತು. ಮಾಳಿಗೆಯ ಮೇಲೆ ಗಟ್ಟಿ ಸ್ಟೂಲು ಹಾಕಿ ಇಟ್ಟೆ. ಹುಡುಕಾಡಿದ ಮೇಲೆ ಶನಿಯೇನೋ ಸಿಕ್ಕ, ಆದರೆ ಕುದಿಯುವ ಎಸರಿಗೆ ಬಿದ್ದ ಬೇಳೆಯಂತೆ ಕುಣಿಯುತ್ತಿದ್ದ. ಉಂಗುರ ಹಾಳಾಗಲಿ, ಅವನು ಒಬ್ಬನೋ ಇಬ್ಬರೋ ಅದೇ ತಿಳಿಯಲಿಲ್ಲ. ಸ್ಟೂಲು ಬದಲಿಸಿದೆ, ಕೆಳಗೆ ಕೌದಿ ಮಡಚಿ ಹಾಕಿದೆ, ಉಸಿರು ಬಿಗಿಹಿಡಿದು ನೋಡಿದೆ. ಮರುದಿನವೂ ಅದೇ ಕುಣಿತ. ಗೆಳತಿಯ ಜೊತೆ ಫೋನಿನಲ್ಲಿ ಜಗಳ ತೆಗೆದೆ. ವಾಪಸ್ ಕಳಿಸುವ ಗಡುವು ಮುಗಿಯುತ್ತ ಬಂದಿತ್ತು. ಇಷ್ಟು ಆಸೆಪಟ್ಟು ಕೊಂಡದ್ದನ್ನು ಕಟ್ಟಿ ಕಳಿಸಬೇಕಲ್ಲ ಎಂದು ಅಳುವೇ ಬಂತು.

ಕಳಿಸುವ ಮೊದಲು ಕೊನೆಯ ಸಲ ನೋಡೋಣವೆಂದು ಸಂಜೆ ಕಣ್ಣಿಟ್ಟಿದ್ದೆ. ಕರೆಂಟು ಹೋಯಿತು. ಕೆಳಗೆ ಅಪ್ಪನ ವಿದ್ಯುತ್ ಮಗ್ಗಗಳು ಒಮ್ಮೆಲೇ ನಿಂತವು. ಶನಿಯೂ ನಿಂತ. ಪುಟ್ಟ ಹಳದಿ ಗುಂಡು, ಅದರ ಸುತ್ತ ಉಂಗುರ, ಒಂದಿಷ್ಟೂ ಮಿಸುಕದೆ!

ಇಷ್ಟು ದಿನ ಕುಣಿದದ್ದು ದುರ್ಬೀನಲ್ಲ, ನಮ್ಮ ಮನೆ. ಹುಟ್ಟಿದಾಗಿನಿಂದ ಆ ನಡುಕದಲ್ಲೇ ಉಂಡು ಮಲಗಿದ ನನಗೆ ಮನೆ ನಡುಗುತ್ತದೆ ಎಂಬುದೇ ಗೊತ್ತಿರಲಿಲ್ಲ.

ಅಪ್ಪ ಅವ್ವ ಇಬ್ಬರನ್ನೂ ಕೂಗಿದೆ. ಕರೆಂಟಿನವರನ್ನು ಬೈಯುತ್ತಲೇ ಮೇಲೆ ಬಂದ ಅಪ್ಪ ಬಗ್ಗಿ ಕಣ್ಣಿಟ್ಟ. ಆಮೇಲೆ, "ಖರೇನ ಐತಲ್ಲಬೇ ಉಂಗ್ರಾ!" ಎಂದ.

ಅವ್ವ ಶನಿಗೆ ಕೈಮುಗಿದು ಬಗ್ಗುವಷ್ಟರಲ್ಲಿ ಕರೆಂಟು ಬಂತು. ಕೆಲಸದವರು ಮಗ್ಗ ಚಾಲೂ ಮಾಡಿದರು.

"ಏನೂ ತಿಳೀವಲ್ದು. ಥರಥರ ನಡಗಾಕತ್ತಾನ" ಎಂದು ಅವ್ವ ಮುಖ ಸಪ್ಪೆ ಮಾಡಿಕೊಂಡಳು.

ನಾನು ಆಸೆ ಬಿಟ್ಟೆ. ನನ್ನ ತಮ್ಮನ ಮದುವೆಯ ದಿನವೂ ಅಪ್ಪ ಮಗ್ಗ ನಿಲ್ಲಿಸಿದವನಲ್ಲ. ಅಕ್ಷತೆ ಹಾಕಿ ಬಂದು ನೂಲು ಜೋಡಿಸಿದ್ದ. ಈಗ ಅವನು ಮೆಟ್ಟಿಲು ಇಳಿದು ಹೋದ. ಸ್ವಲ್ಪ ಹೊತ್ತಿಗೆ ಒಂದೊಂದೇ ಮಗ್ಗದ ಸದ್ದು ಅಡಗಿತು.

ಕೆಳಗಿನಿಂದ ಅವ್ವನಿಗೆ ಕೂಗಿ ಹೇಳಿದ: "ಈಗ ನೋಡ. ಸಾವಕಾಶ ನೋಡ, ಅವಸರ ಇಲ್ಲ."